ಎರಡನೇ ಮಹಡಿಯ ಫಿಲ್ಟರ್ ಕಾಫಿ

ಬಸವನಗುಡಿಯ ಡಿ.ವಿ.ಜಿ. ರಸ್ತೆ ಬಿಟ್ಟು ಒಂದು ಅಡ್ಡರಸ್ತೆಗೆ ಹೊರಳಿದರೆ ಹಳೆಯ ಕಟ್ಟಡವೊಂದು ಸಿಗುತ್ತದೆ. ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಟೈಲರ್ ಅಂಗಡಿ, ಎರಡನೇ ಮಹಡಿಯಲ್ಲಿ ಆಡಿಟರ್ ಕಚೇರಿ. ಲಿಫ್ಟ್ ಇಲ್ಲ. ರೆಡ್ ಆಕ್ಸೈಡ್ ಮೆಟ್ಟಿಲು ಹತ್ತುತ್ತ ಮೊದಲ ತಿರುವು ದಾಟಿದೊಡನೆ ಡಿಕಾಕ್ಷನ್ ಘಮ ಮೂಗಿಗೆ ಬರುತ್ತದೆ. ಆಡಿಟರ್ ಕಚೇರಿಗೆ ಜನ ಕಡತ ಹಿಡಿದುಕೊಂಡು ಹೋಗುತ್ತಾರೆ. ನಾನು ಹೋದದ್ದು ಅಲ್ಲಿನ ಪ್ಯಾಂಟ್ರಿ ನೋಡುವುದಕ್ಕೆ.

ಈ ಕಚೇರಿಯ ಸುತ್ತಮುತ್ತ ಒಳ್ಳೆಯ ಕಾಫಿಗೆ ಬರವಿಲ್ಲ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನ ಗಾಂಧಿ ಬಜಾರಿನಲ್ಲಿದೆ. 1965ರಲ್ಲಿ ಶುರುವಾದ ಬ್ರಾಹ್ಮಿನ್ಸ್ ಕಾಫಿ ಬಾರ್ ಪಕ್ಕದ ಶಂಕರಪುರದಲ್ಲಿದೆ. ಇವುಗಳ ನಡುವೆ ಹೆಜ್ಜೆಗೊಂದು ದರ್ಶಿನಿ. ಹೀಗಿದ್ದೂ ಬೆಳಗ್ಗೆ ಹನ್ನೊಂದಕ್ಕೆ ಈ ಕಚೇರಿಯ ಒಬ್ಬರೂ ಮೆಟ್ಟಿಲಿಳಿಯುವುದಿಲ್ಲ. ಒಳಗೇ ಕಾಫಿ ಅಷ್ಟು ಚೆನ್ನಾಗಿದೆ. ಬೆಂಗಳೂರಿನ ಕಚೇರಿಗಳಲ್ಲಿ ಇದು ಅಪರೂಪದ ಸಂಗತಿ. ಹೋಟೆಲಿನಲ್ಲಿ ಹದ ಕೆಟ್ಟರೆ ಲೋಟ ವಾಪಸು ಕೊಡುವ ಜನವೇ ಕಚೇರಿಯಲ್ಲಿ ಏನು ಕೊಟ್ಟರೂ ಕುಡಿದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ಅದಕ್ಕೆ ಬೇಕಾದ್ದು ಏನೆಂದು ತಿಳಿಯಲು ಪುಡಿ ಕೊಳ್ಳುವುದರಿಂದ ಹಿಡಿದು ಲೋಟ ತೊಳೆಯುವವರೆಗೆ ಇಲ್ಲಿನವರ ಜೊತೆಗಿದ್ದೆ.

ಎಲ್ಲವೂ ಪುಡಿ ಅಂಗಡಿಯಿಂದ ಶುರು. ಪ್ಯಾಂಟ್ರಿ ನೋಡಿಕೊಳ್ಳುವವರನ್ನು ಕಚೇರಿಯಲ್ಲಿ ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ, ಅವರಿಗಿಂತ ಹಿರಿಯರು ಕೂಡ. ಸೋಮವಾರ ಒಂದು ಕೆ.ಜಿ., ಗುರುವಾರ ಒಂದು ಕೆ.ಜಿ. ಅವರೇ ಪುಡಿ ಮಾಡಿಸಿ ತರುತ್ತಾರೆ. ತಿಂಗಳ ದಿನಸಿ ಪಟ್ಟಿಯಲ್ಲಿ ಕಾಫಿ ಪುಡಿ ಸೇರಿಸಬಾರದೆಂದು ಅವರು ಕಚೇರಿಯ ಯಜಮಾನರಿಗೆ ಹೇಳಿ ಒಪ್ಪಿಸಿದ್ದಾರಂತೆ. ಅದರಲ್ಲಿ ತಿಳಿವಳಿಕೆಯಿದೆ. ಹುರಿದ ಬೀಜದ ಪರಿಮಳ ಬೇಗ ಆರುವಂಥದ್ದು. ಬೀಜವಾಗಿದ್ದಾಗ ಕೆಲವು ವಾರ ತಡೆಯುವ ಘಮ, ಪುಡಿಯಾದ ಮೇಲೆ ದಿನಗಳಲ್ಲೇ ಇಳಿಯುತ್ತದೆ. ತಿಂಗಳಿಗೆ ಒಮ್ಮೆ ಐದು ಕೆ.ಜಿ. ತರಿಸಿ, ಬಾಯಿ ತೆರೆದ ಪೊಟ್ಟಣಕ್ಕೆ ರಬ್ಬರ್ ಬ್ಯಾಂಡ್ ಸುತ್ತಿಡುವ ಕಚೇರಿಗಳಲ್ಲಿ ಮೂರನೇ ವಾರದ ಕಾಫಿಗೆ ಬಣ್ಣ ಮತ್ತು ಕಹಿ ಮಾತ್ರ ಉಳಿದಿರುತ್ತದೆ.

ಅಂಗಡಿಯಲ್ಲಿ ಸಾಲಾಗಿ ಡಬ್ಬಗಳು: ಪೀಬೆರಿ, ಪ್ಲಾಂಟೇಷನ್ ಎ, ರೊಬಸ್ಟಾ, ಕೊನೆಯಲ್ಲಿ ಚಿಕೋರಿ. ಕಾಫಿ ಹಣ್ಣಿನೊಳಗೆ ಸಾಮಾನ್ಯವಾಗಿ ಎರಡು ಬೇಳೆ ಇರುತ್ತವೆ. ಒಂದೇ ದುಂಡು ಬೀಜ ಬೆಳೆದರೆ ಅದು ಪೀಬೆರಿ. ಪ್ಲಾಂಟೇಷನ್ ಎಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಪರಿಮಳಕ್ಕೂ ಹಿತವಾದ ಹುಳಿಗೂ ಅರೇಬಿಕಾ ಬೇಕು, ಗಟ್ಟಿತನಕ್ಕೂ ನೊರೆಗೂ ರೊಬಸ್ಟಾ ಬೇಕು. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಹಾಲು ಬೆರೆಸಿ ಕುಡಿಯುವ ನಮ್ಮ ಕಾಫಿಗೆ ಬರಿಯ ಅರೇಬಿಕಾ ಸಾಲದು. ಹಾಲಿನ ಮುಂದೆ ಅದರ ದನಿ ಅಡಗಿಹೋಗುತ್ತದೆ. ಅಕ್ಕ ಮೂರು ಪಾಲು ಪ್ಲಾಂಟೇಷನ್, ಒಂದು ಪಾಲು ರೊಬಸ್ಟಾ ಹಾಕಿಸುತ್ತಾರೆ.

ಆಮೇಲೆ ಅಂಗಡಿಯವರ ಮಾಮೂಲು ಪ್ರಶ್ನೆ: ಚಿಕೋರಿ ಎಷ್ಟು?

"ಆಫೀಸಿಗೆ ಅಂದ್ರೆ ಎಲ್ಲಾರೂ 30, 40 ಹಾಕಿಸ್ತಾರೆ ಸಾರ್. ಪುಡಿ ಬಾಳಿಕೆ ಬರುತ್ತೆ ಅಂತ. ಈ ಅಕ್ಕ ಮಾತ್ರ ಹದಿನೈದರ ಮೇಲೆ ಹೋಗಲ್ಲ," ಎಂದು ಅಂಗಡಿಯವರು ನನ್ನತ್ತ ನೋಡಿ ಹೇಳಿದರು. ಅಕ್ಕನ ಉತ್ತರ ಚಿಕ್ಕದು: "ಜಾಸ್ತಿ ಆದ್ರೆ ಸಿಹಿ ಸಿಹಿ ಕಹಿ ಬರುತ್ತೆ, ಫಿಲ್ಟರೂ ಕಟ್ಕೊಳುತ್ತೆ."

ಎರಡೂ ನಿಜ. ಚಿಕೋರಿ ಒಂದು ಗಿಡದ ಬೇರು. ಅದನ್ನು ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ಕೆಫೀನ್ ಅದರಲ್ಲಿಲ್ಲ. ಕಾಫಿ ಪುಡಿಗಿಂತ ಎಷ್ಟೋ ಹೆಚ್ಚು ಭಾಗ ನೀರಿನಲ್ಲಿ ಕರಗುವುದರಿಂದ ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಮಂದವನ್ನೂ ಅದು ಸುಲಭವಾಗಿ ಕೊಡುತ್ತದೆ. ಸ್ವಲ್ಪ ಇದ್ದರೆ ಒಳ್ಳೆಯದೇ, ಅದಿಲ್ಲದೆ ನಮ್ಮ ನಾಲಗೆಗೆ ಕಾಫಿ ಕಾಫಿ ಅನ್ನಿಸುವುದಿಲ್ಲ. ಆದರೆ ಅದು ನೀರು ಹೀರಿ ಉಬ್ಬುವಂಥದ್ದು. ಪಾಲು ಹೆಚ್ಚಾದರೆ ತೂತುಗಳು ಮುಚ್ಚಿ ಡಿಕಾಕ್ಷನ್ ಇಳಿಯುವುದೇ ಇಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕು ಎಂದು ಆಹಾರ ಸುರಕ್ಷತೆಯ ನಿಯಮವಿದೆ. ನಿಮ್ಮ ಕಚೇರಿಯ ಪೊಟ್ಟಣವನ್ನು ಒಮ್ಮೆ ತಿರುಗಿಸಿ ಓದಿ. 53 : 47 ಎಂಬ ಅಂಕಿ ಕಂಡರೆ ಅಲ್ಲಿನ ಕಾಫಿ ಯಾಕೆ ಹಾಗಿದೆ ಎನ್ನುವುದಕ್ಕೆ ಬೇರೆ ಉತ್ತರ ಹುಡುಕಬೇಕಾಗಿಲ್ಲ.

ಪುಡಿ ಹಿಡಿದು ಮೆಟ್ಟಿಲು ಹತ್ತಿದಾಗ ಒಂಬತ್ತು ಗಂಟೆ. ಕಚೇರಿ ತೆರೆಯುವುದು ಒಂಬತ್ತೂವರೆಗೆ. ಈ ಅರ್ಧ ಗಂಟೆಯನ್ನು ನೆನಪಿಟ್ಟುಕೊಳ್ಳಿ.

ಪ್ಯಾಂಟ್ರಿ ಎಂದರೆ ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಲ್ಲಿ ನಿಲ್ಲಬೇಕಾದಷ್ಟು ಜಾಗ. ಕಡಪ ಕಲ್ಲಿನ ಕಟ್ಟೆ, ಒಂದು ಇಂಡಕ್ಷನ್ ಒಲೆ, ಒಂದು ಕೆಟಲ್, ಸಣ್ಣ ಫ್ರಿಜ್, ಗೋಡೆಗೆ ಲೋಟಗಳ ಸ್ಟ್ಯಾಂಡ್. ಗ್ಯಾಸ್ ಸಿಲಿಂಡರಿಗೆ ಕಟ್ಟಡದ ಮಾಲೀಕರ ಒಪ್ಪಿಗೆಯಿಲ್ಲ. ಕಿಟಕಿಯ ಪಕ್ಕ ಬೋರಲು ಹಾಕಿದ ಎರಡು ಸ್ಟೀಲ್ ಫಿಲ್ಟರ್. ಇಪ್ಪತ್ತು ಜನಕ್ಕೆ ಒಂದೇ ದೊಡ್ಡ ಫಿಲ್ಟರ್ ಯಾಕಿಲ್ಲ ಎಂದು ಕೇಳಿದೆ. ದೊಡ್ಡದಿತ್ತಂತೆ, ಅಕ್ಕ ಅದನ್ನು ಅಟ್ಟಕ್ಕೆ ಹಾಕಿ ಎರಡು ಮಧ್ಯಮ ಗಾತ್ರದವನ್ನು ತರಿಸಿದರಂತೆ. ಪುಡಿಯ ಮಟ್ಟ ಆಳವಾದಷ್ಟೂ ನೀರು ಕೆಳಗಿಳಿಯಲು ತಿಣುಕುತ್ತದೆ, ಮೇಲಿನ ಪುಡಿ ಅತಿಯಾಗಿ ನೆನೆದು ಕಹಿ ಬಿಡುತ್ತದೆ. ಎರಡರಲ್ಲಿ ಹಾಕಿದರೆ ಎರಡೂ ಚೆನ್ನಾಗಿ ಇಳಿಯುತ್ತವೆ. ಒಂದು ಕೈಕೊಟ್ಟರೆ ಇನ್ನೊಂದು ಇದ್ದೇ ಇದೆ.

ಅವರು ಮೊದಲು ಮಾಡಿದ ಕೆಲಸ ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ್ದು. ಎಲ್ಲ ತೂತುಗಳಲ್ಲೂ ಬೆಳಕು ಕಾಣಬೇಕು. ಆಮೇಲೆ ಪಾತ್ರೆ ಪೂರ್ತಿ ಒಣಗಿದೆಯೇ ಎಂದು ಬೆರಳಾಡಿಸಿದರು. ತೇವವಿದ್ದರೆ ಪುಡಿ ತಳದಲ್ಲೇ ಅಂಟಿ ಗಟ್ಟಿಯಾಗುತ್ತದೆ. ಒಂದೊಂದಕ್ಕೆ 100 ಗ್ರಾಂ ಪುಡಿ, ಅಂದರೆ ಲೋಟಕ್ಕೆ 10 ಗ್ರಾಂ ಲೆಕ್ಕ. ಕಡ್ಡಿಯಿರುವ ಬಿಲ್ಲೆಯನ್ನು ಪುಡಿಯ ಮೇಲಿಟ್ಟು ಮೆಲ್ಲಗೆ ಸಮ ಮಾಡಿದರೇ ಹೊರತು ಒತ್ತಲಿಲ್ಲ. ಕೆಟಲ್ ಕುದಿದು ತಾನೇ ಆರಿತು. ಅವರು ತಕ್ಷಣ ಸುರಿಯದೆ ಲೋಟಗಳನ್ನು ಜೋಡಿಸಿಡುತ್ತ ಅರೆ ನಿಮಿಷ ಬಿಟ್ಟರು.

ಕಾಫಿಗೆ ಸರಿಯಾದ ನೀರಿನ ಬಿಸಿ 92ರಿಂದ 96 ಡಿಗ್ರಿ ಸೆಲ್ಸಿಯಸ್. ಸಮುದ್ರದ ಮಟ್ಟದಲ್ಲಿ ನೀರು ಕುದಿಯುವುದು 100 ಡಿಗ್ರಿಗೆ. ಬೆಂಗಳೂರು ಇರುವುದು 900 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಸುಮಾರು 97 ಡಿಗ್ರಿಗೇ ನೀರು ಕುದಿಯುತ್ತದೆ. ಕುದಿ ನಿಂತು ಅರೆ ನಿಮಿಷ ಕಳೆದರೆ ಬೇಕಾದ ಹದಕ್ಕೆ ಬಂದಿರುತ್ತದೆ. ಥರ್ಮಾಮೀಟರು ಬೇಡ, ಈ ಊರಿನ ಎತ್ತರವೇ ನಮಗೆ ಆ ಅನುಕೂಲ ಮಾಡಿಕೊಟ್ಟಿದೆ.

"ಒಂದೇ ಸಲ ಸುರೀಬಾರದು ಸಾರ್. ಮೊದ್ಲು ಪುಡಿ ನೆನೀಲಿ," ಎನ್ನುತ್ತ ಸ್ವಲ್ಪವೇ ನೀರು ಸುತ್ತ ಸುರಿದು ನಿಲ್ಲಿಸಿದರು. ಪುಡಿ ಉಬ್ಬಿ ಗುಳ್ಳೆ ಬಂತು. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಹೊರಬರುವ ರೀತಿ ಅದು. ಗುಳ್ಳೆ ಎದ್ದರೆ ಪುಡಿ ಹೊಸದು, ಏನೂ ಆಗದೆ ನೀರು ಮಂಕಾಗಿ ಇಳಿದರೆ ಹಳೆಯದು. ಆಮೇಲೆ ಉಳಿದ ನೀರು. ಒಂದೊಂದು ಫಿಲ್ಟರಿಗೆ ಅರ್ಧ ಲೀಟರ್ ನೀರು ಹೋಯಿತು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ತಾನೇ ಇಟ್ಟುಕೊಳ್ಳುವುದರಿಂದ ಕೆಳಗೆ ಇಳಿಯುವುದು ಸುಮಾರು 300 ಮಿ.ಲೀ. ಎರಡೂ ಸೇರಿ 600. ಲೋಟಕ್ಕೆ 30 ಮಿ.ಲೀ. ಡಿಕಾಕ್ಷನ್, 90 ಮಿ.ಲೀ. ಹಾಲು ಎಂದರೆ ಇಪ್ಪತ್ತು ಲೋಟಕ್ಕೆ ಸರಿಹೋಯಿತು.

ನೀರಿನ ಬಗ್ಗೆ ಒಂದು ಮಾತು. ಈ ಕಟ್ಟಡಕ್ಕೆ ಬರುವುದು ಕಾವೇರಿ ನೀರು, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪಾಗಿ ಬಂದದ್ದು. ಕಾಫಿಗೆ ಇದು ಚೆನ್ನಾಗಿ ಹೊಂದುತ್ತದೆ. ಊರಾಚೆಯ ಕಚೇರಿಗಳಲ್ಲಿ ಬೋರ್‌ವೆಲ್ಲಿನ ಅಥವಾ ಟ್ಯಾಂಕರಿನ ಗಡಸು ನೀರು. ಅದರಲ್ಲಿರುವ ಖನಿಜ ಕಾಫಿಯ ಹುಳಿಯನ್ನು ಕೊಂದು ರುಚಿಯನ್ನು ಸೀಮೆಸುಣ್ಣದ ಹಾಗೆ ಮಾಡುತ್ತದೆ. ಅದಕ್ಕೆ ಆರ್.ಓ. ಯಂತ್ರ ಹಾಕಿಸಿ ಖನಿಜವನ್ನೆಲ್ಲ ತೆಗೆದುಬಿಟ್ಟರೆ ಕಾಫಿ ಸಪ್ಪೆ. ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಕರಗಿದ ಖನಿಜವಿರುವ ನೀರು ಒಳ್ಳೆಯದೆಂದು ಕಾಫಿ ಬಲ್ಲವರು ಹೇಳುತ್ತಾರೆ. ಹೆಚ್ಚಿನ ಆರ್.ಓ. ಯಂತ್ರಗಳಲ್ಲಿ ಈ ಮಟ್ಟವನ್ನು ಹೊಂದಿಸುವ ಒಂದು ತಿರುಪಿರುತ್ತದೆ. ಸರ್ವೀಸಿಗೆ ಬರುವವರಿಗೆ ಹೇಳಿದರೆ ತಿರುಗಿಸಿ ಕೊಡುತ್ತಾರೆ.

ಈಗ ಮುಖ್ಯ ವಿಷಯ. ಹತ್ತು ಗಂಟೆಯ ಹೊತ್ತಿಗೆ ಡಿಕಾಕ್ಷನ್ ಇಳಿದಿತ್ತು. ಅದನ್ನು ಅಕ್ಕ ಫ್ಲಾಸ್ಕಿಗೂ ಹಾಕಲಿಲ್ಲ, ಒಲೆಯ ಮೇಲೂ ಇಡಲಿಲ್ಲ. ಮುಚ್ಚಳ ಬಿಗಿ ಮಾಡಿ ಕಟ್ಟೆಯ ಮೂಲೆಯಲ್ಲಿಟ್ಟರು. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಫ್ರಿಜ್ಜಿನಿಂದ ಹಾಲಿನ ಪೊಟ್ಟಣ ತೆಗೆದು ಕಾಯಿಸಲು ಇಟ್ಟರು. ಹಾಲು ಉಕ್ಕಿ ಬರುವಾಗ ಇಳಿಸಿ, ಅಷ್ಟರಲ್ಲಿ ಲೋಟಗಳಿಗೆ ಬಗ್ಗಿಸಿಟ್ಟಿದ್ದ ಆರಿದ ಡಿಕಾಕ್ಷನ್ನಿಗೆ ಎತ್ತರದಿಂದ ಸುರಿದರು. ಕೋಣೆಯ ಬಿಸಿಯಲ್ಲಿರುವ ಒಂದು ಪಾಲು ಡಿಕಾಕ್ಷನ್, ಕುದಿ ಬಂದ ಮೂರು ಪಾಲು ಹಾಲು. ಬೆರೆತಾಗ 75 ಡಿಗ್ರಿ ಆಸುಪಾಸು. ತುಟಿಗಿಡಲು ಸರಿಯಾದ ಬಿಸಿ.

ಕಚೇರಿಯ ಕಾಫಿ ಕೆಡುವುದೂ ಉಳಿಯುವುದೂ ಇದೊಂದೇ ಜಾಗದಲ್ಲಿ ಎಂದು ನನಗೆ ಖಚಿತವಾಗಿದೆ. ಡಿಕಾಕ್ಷನ್ ಕಾಯಬಲ್ಲದು, ಹಾಲು ಕಾಯಲಾರದು. ಇಳಿದ ಡಿಕಾಕ್ಷನ್ ತಣ್ಣಗೆ, ಮುಚ್ಚಿಟ್ಟು, ಮೂರು ನಾಲ್ಕು ಗಂಟೆ ಇದ್ದರೂ ರುಚಿ ಬಹುಮಟ್ಟಿಗೆ ಉಳಿಯುತ್ತದೆ. ಅದನ್ನೇ ಬಿಸಿಯಾಗಿ ಹಿಡಿದಿಟ್ಟರೆ ಅಥವಾ ಮತ್ತೆ ಕಾಯಿಸಿದರೆ ಅದರೊಳಗಿನ ಆಮ್ಲಗಳು ಒಡೆದು ಬಾಯಿ ಒಗರಾಗಿಸುವ ಕಹಿಯಾಗುತ್ತವೆ. ಹಾಲಿನ ಕಥೆ ಬೇರೆ. ಒಮ್ಮೆ ಕಾದು ಬಿಸಿಯಾಗೇ ಕುಳಿತ ಹಾಲಿಗೆ ಕೆನೆ ಕಟ್ಟುತ್ತದೆ, ಬೆಂದ ವಾಸನೆ ಬರುತ್ತದೆ, ಎರಡನೇ ಸಲ ಕುದಿಸಿದರೆ ಬಣ್ಣವೇ ತಿರುಗುತ್ತದೆ. ಎಷ್ಟೋ ಕಚೇರಿಗಳಿಗೆ ಹೊರಗಿನಿಂದ ಬರುವ ಫ್ಲಾಸ್ಕ್ ಕಾಫಿಯಲ್ಲಿ ಈ ಎರಡೂ ತಪ್ಪು ಒಟ್ಟಿಗೆ ಆಗಿರುತ್ತವೆ: ಬೆಳಗ್ಗೆ ಎಂಟಕ್ಕೆ ಹಾಲು, ಡಿಕಾಕ್ಷನ್, ಸಕ್ಕರೆ ಮೂರನ್ನೂ ಬೆರೆಸಿ ಕುದಿಸಿ, ಹನ್ನೊಂದಕ್ಕೆ ಹಂಚುತ್ತಾರೆ. ಮೂರು ಗಂಟೆ ಫ್ಲಾಸ್ಕಿನಲ್ಲಿ ಬೆಂದದ್ದನ್ನು ಒಳ್ಳೆಯ ಪುಡಿಯೂ ಉಳಿಸಲಾರದು.

ಹಾಲಿನ ಆಯ್ಕೆಯಲ್ಲೂ ಅಕ್ಕ ಪಟ್ಟು ಬಿಡುವವರಲ್ಲ. ನೀಲಿ ಪೊಟ್ಟಣದ ನಂದಿನಿ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3, ಶುಭಂ ಹಾಲಿನಲ್ಲಿ ಶೇ. 4.5. ಅವರು ಕಾಫಿಗೆ ತರಿಸುವುದು ಶುಭಂ, ಅದಕ್ಕೆ ಒಂದು ಹನಿಯೂ ನೀರು ಬೆರೆಸುವುದಿಲ್ಲ. ಸಕ್ಕರೆಯನ್ನು ಮೊದಲೇ ಹಾಕುವುದಿಲ್ಲ. ಕಚೇರಿಯಲ್ಲಿ ಸಕ್ಕರೆ ಕಾಯಿಲೆಯವರಿದ್ದಾರೆ, ಎರಡು ಚಮಚ ಕೇಳುವ ಹುಡುಗರೂ ಇದ್ದಾರೆ. ಯಾರಿಗೆ ಎಷ್ಟೆಂದು ಅವರಿಗೆ ಬಾಯಿಪಾಠ. ಮಧ್ಯಾಹ್ನ ಎರಡೂವರೆಗೆ ಮತ್ತೆ ಫಿಲ್ಟರ್ ಹಾಕುತ್ತಾರೆ, ಆಗ 120 ಗ್ರಾಂ ಮಾತ್ರ. ನಾಲ್ಕಕ್ಕೆ ಕೊನೆಯ ಸುತ್ತು, ಅದೂ ಸ್ವಲ್ಪ ಲೈಟ್. ಕುಡಿದ ಕೆಫೀನಿನ ಅರ್ಧ ಭಾಗ ಐದು ಗಂಟೆ ಕಳೆದರೂ ಮೈಯಲ್ಲೇ ಇರುತ್ತದೆ ಎನ್ನುವುದನ್ನು ನೋಡಿದರೆ ಆ ಲೈಟ್ ಕಾಫಿ ರಾತ್ರಿಯ ನಿದ್ದೆಗೂ ಒಳ್ಳೆಯದು. ಬೆಳಗಿನ ಚರಟಕ್ಕೇ ಮತ್ತೆ ನೀರು ಸುರಿದು ಎರಡನೇ ಡಿಕಾಕ್ಷನ್ ತೆಗೆಯುತ್ತೀರಾ ಎಂದು ಕೇಳಿದ್ದಕ್ಕೆ ಅವರು ನಕ್ಕು, "ಅದು ಮನೇಲಿ ನಮಗೆ ನಾವೇ ಮಾಡ್ಕೊಳೋದು ಸಾರ್, ಇನ್ನೊಬ್ರಿಗೆ ಕೊಡೋದಲ್ಲ," ಎಂದರು. ಚರಟ ತಾರಸಿಯ ಕುಂಡಗಳಿಗೆ ಹೋಗುತ್ತದೆ.

ಅದೇ ವಾರ ಹೊರ ವರ್ತುಲ ರಸ್ತೆಯ ದೊಡ್ಡ ಟೆಕ್ ಪಾರ್ಕೊಂದರ ಕಂಪನಿಗೂ ಹೋದೆ. ಅಲ್ಲಿ ಮಹಡಿಗೊಂದು ಪ್ಯಾಂಟ್ರಿ, ಪ್ಯಾಂಟ್ರಿಗೆರಡು ಯಂತ್ರ. ಒಂದು ಪ್ರೀಮಿಕ್ಸಿನದು. ಇನ್‌ಸ್ಟಂಟ್ ಕಾಫಿ, ಹಾಲಿನ ಪುಡಿ, ಸಕ್ಕರೆ ಬೆರೆತ ಚೀಲವನ್ನು ಅದರ ಹೊಟ್ಟೆಗೆ ಸುರಿದಿರುತ್ತಾರೆ. ಬಟನ್ ಒತ್ತಿದರೆ ಬಿಸಿನೀರಿನ ಜೊತೆ ಬೆರೆತು ಬೀಳುತ್ತದೆ. ಅದರಲ್ಲಿ ಸಕ್ಕರೆ ಕಡಿಮೆ ಮಾಡುವ ದಾರಿಯಿಲ್ಲ, ಕಾಫಿ ಹೆಚ್ಚು ಮಾಡುವ ದಾರಿಯೂ ಇಲ್ಲ. ಇನ್ನೊಂದು ಬೀಜವನ್ನು ಅಲ್ಲೇ ಪುಡಿ ಮಾಡಿ ಕಾಫಿ ಇಳಿಸುವ ದುಬಾರಿ ಯಂತ್ರ. ಮೂರನೇ ಮಹಡಿಯಲ್ಲಿ ಆ ಯಂತ್ರದ ಕಾಫಿ ನಿಜಕ್ಕೂ ಚೆನ್ನಾಗಿತ್ತು. ಐದನೇ ಮಹಡಿಯಲ್ಲಿ ಅದೇ ಯಂತ್ರ, ಅದೇ ಬೀಜ, ಕಾಫಿಗೆ ಮಾತ್ರ ಹುಳಿದ ಹಾಲಿನ ವಾಸನೆ. ವಿಚಾರಿಸಿದಾಗ ತಿಳಿದದ್ದು: ಮೂರನೇ ಮಹಡಿಯ ಹುಡುಗ ಪ್ರತಿ ಸಂಜೆ ಹಾಲಿನ ಕೊಳವೆ ಬಿಚ್ಚಿ ತೊಳೆಯುತ್ತಾನೆ, ಬೀಜದ ಡಬ್ಬಕ್ಕೆ ಆ ದಿನಕ್ಕೆ ಬೇಕಾದಷ್ಟೇ ತುಂಬುತ್ತಾನೆ. ಐದನೇ ಮಹಡಿಯಲ್ಲಿ ದಿನಕ್ಕೊಬ್ಬರು ಡ್ಯೂಟಿಗೆ ಬರುತ್ತಾರೆ. ಯಂತ್ರ ತೊಳೆಯುವುದು ಯಾರ ಕೆಲಸವೆಂದು ಗೊತ್ತುಮಾಡಿಲ್ಲ. ಲಕ್ಷಗಟ್ಟಲೆ ಬೆಲೆಯ ಯಂತ್ರವೂ ತನ್ನದೆಂದು ನೋಡಿಕೊಳ್ಳುವ ಒಬ್ಬರಿಲ್ಲದಿದ್ದರೆ ಬಸವನಗುಡಿಯ ಎರಡು ಸ್ಟೀಲ್ ಫಿಲ್ಟರುಗಳ ಸಮಕ್ಕೆ ಬರುವುದಿಲ್ಲ.

ಇಂಥ ಕಚೇರಿಗಳಲ್ಲಿ ಒಬ್ಬೊಬ್ಬರೇ ದಾರಿ ಕಂಡುಕೊಂಡಿದ್ದಾರೆ. ಹಾಸನ ಕಡೆಯ ಒಬ್ಬ ಹೆಣ್ಣುಮಗಳು ಬೆಳಗ್ಗೆ ಮನೆಯಲ್ಲಿ ಇಳಿಸಿದ ಡಿಕಾಕ್ಷನ್ನನ್ನು ಬಿಗಿ ಮುಚ್ಚಳದ ಪುಟ್ಟ ಸ್ಟೀಲ್ ಡಬ್ಬಿಯಲ್ಲಿ ತರುತ್ತಾರೆ. ಯಂತ್ರದಿಂದ ಬರಿಯ ಬಿಸಿ ಹಾಲು ಹಿಡಿದು ಅದಕ್ಕೆ ಬೆರೆಸಿಕೊಳ್ಳುತ್ತಾರೆ. ನನಗೂ ಅರ್ಧ ಕೊಟ್ಟರು, ಬೈಟು. ಒಬ್ಬರ ಮಟ್ಟಿಗೆ ಇದಕ್ಕಿಂತ ಸುಲಭದ ಉಪಾಯ ಇಲ್ಲ. ಹಾಲಿಲ್ಲದೆ ಕುಡಿಯುವವರಿಗೆ ಫ್ರೆಂಚ್ ಪ್ರೆಸ್ ಸಾಕು: ತರಿತರಿಯಾದ ಪುಡಿ, ಲೀಟರಿಗೆ 60 ಗ್ರಾಂ ಲೆಕ್ಕದಲ್ಲಿ, ನಾಲ್ಕು ನಿಮಿಷ. ನೀರನ್ನು ಮಾತ್ರ ಕೆಟಲಿನಲ್ಲಿ ಕುದಿಸಿಕೊಳ್ಳಬೇಕು. ಕುಡಿಯುವ ನೀರಿನ ಡಿಸ್ಪೆನ್ಸರಿನ ಬಿಸಿ ನಲ್ಲಿಯಿಂದ ಬರುವುದು ಕುದಿದ ನೀರಲ್ಲ. ಅದರಲ್ಲಿ ಪುಡಿಯ ಸತ್ವ ಪೂರ್ತಿ ಇಳಿಯುವುದಿಲ್ಲ.

ಇದನ್ನೆಲ್ಲ ಇಷ್ಟು ಕಾಳಜಿಯಿಂದ ಹೇಳುವುದಕ್ಕೆ ಕಾರಣವಿದೆ. ಭಾರತದ ಕಾಫಿಯಲ್ಲಿ ಸುಮಾರು ಶೇ. 70 ಬೆಳೆಯುವುದು ಕರ್ನಾಟಕದಲ್ಲಿ, ಕೊಡಗು, ಚಿಕ್ಕಮಗಳೂರು, ಹಾಸನದ ಮರಗಳ ನೆರಳಿನಲ್ಲಿ. ಅದರಲ್ಲಿ ಬಹುಪಾಲು ಹೊರದೇಶಕ್ಕೆ ಹೋಗುತ್ತದೆ. ಬೆಳೆಯ ಮೇಲೆ ಸಂಶೋಧನೆ ನಡೆಸುವ ಕೇಂದ್ರ ಬಾಳೆಹೊನ್ನೂರಿನಲ್ಲಿದೆ, 1942ರ ಕಾಯಿದೆಯಿಂದ ಹುಟ್ಟಿದ ಕಾಫಿ ಮಂಡಳಿಯ ಕಚೇರಿ ವಿಧಾನಸೌಧದ ಮುಂದಿನ ಡಾ. ಅಂಬೇಡ್ಕರ್ ಬೀದಿಯಲ್ಲಿದೆ. ಹುರಿಯುವುದರಿಂದ ಹಿಡಿದು ಲೋಟಕ್ಕೆ ಇಳಿಸುವವರೆಗೆ ಕಲಿಸುವ ಕಾಪಿ ಶಾಸ್ತ್ರ ಎಂಬ ತರಬೇತಿಯನ್ನೂ ಮಂಡಳಿ ನಡೆಸುತ್ತದೆ. ತೋಟ, ಸಂಶೋಧನೆ, ಮಂಡಳಿ, ಪುಡಿ ಅಂಗಡಿ ಎಲ್ಲ ಇಲ್ಲೇ ಇರುವಾಗ, ದಿನದ ಎಂಟು ಒಂಬತ್ತು ಗಂಟೆ ಕಳೆಯುವ ಕಚೇರಿಯಲ್ಲಿ ನಾವು ಹಾಲಿನ ಪುಡಿಯ ನೀರು ಕುಡಿಯುವುದು ಬೆಳೆಗಾರರಿಗೂ ನಮಗೂ ಒಪ್ಪುವ ಮಾತಲ್ಲ.

ಆಡಿಟರ್ ಕಚೇರಿಯಿಂದ ಹೊರಡುವ ಮುನ್ನ ಯಜಮಾನರನ್ನು ಖರ್ಚಿನ ಬಗ್ಗೆ ಕೇಳಿದೆ. ಲೆಕ್ಕದ ಮನುಷ್ಯ, ಕೂಡಲೇ ಹೇಳಿದರು: ಮೊದಲಿದ್ದ ಬಾಡಿಗೆ ಯಂತ್ರಕ್ಕೂ ಪ್ರೀಮಿಕ್ಸಿಗೂ ಆಗುತ್ತಿದ್ದಷ್ಟೇ ಈಗ ಪುಡಿಗೂ ಹಾಲಿಗೂ ಆಗುತ್ತಿದೆ. ಹೆಚ್ಚಾದದ್ದು ಅಕ್ಕನ ಸಂಬಳ ಮಾತ್ರ. ಬೆಳಗ್ಗೆ ಅರ್ಧ ಗಂಟೆ ಮುಂಚೆ ಬರುವುದಕ್ಕೂ, ಪುಡಿ ಅಂಗಡಿಗೆ ಹೋಗಿಬರುವುದಕ್ಕೂ ಪ್ರತ್ಯೇಕ ಲೆಕ್ಕ ಹಾಕಿ ಕೊಡುತ್ತಾರೆ.

ಕಚೇರಿ ನಡೆಸುವವರಲ್ಲಿ, ಅಡ್ಮಿನ್ ವಿಭಾಗದವರಲ್ಲಿ ನನ್ನದೊಂದು ಕೋರಿಕೆ. ಹೊಸ ಯಂತ್ರಕ್ಕೆ ಕೊಟೇಷನ್ ತರಿಸುವ ಮೊದಲು ನಿಮ್ಮ ಪ್ಯಾಂಟ್ರಿಯಲ್ಲಿ ಕೆಲಸ ಮಾಡುವವರನ್ನು ಕೂರಿಸಿಕೊಂಡು ಮಾತಾಡಿ. ಎರಡು ಫಿಲ್ಟರ್, ವಾರಕ್ಕೆರಡು ಸಲ ಹೊಸ ಪುಡಿ, ನೀರು ಬೆರೆಸದ ಹಾಲು ಕೊಡಿಸಿ. ಡಿಕಾಕ್ಷನ್ ಇಳಿಯಲು ಬೇಕಾದ ಅರ್ಧ ಗಂಟೆಯನ್ನು ಅವರ ಕೆಲಸದ ವೇಳೆಗೆ ಸೇರಿಸಿ, ಅದಕ್ಕೆ ಸಂಬಳ ಕೊಡಿ.